ಎಂಜಿನ್ ತಣ್ಣಗಾಗುವವರೆಗೆ

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮ ಚೊಚ್ಚಲ ಮಗ ಇನ್ನೂ ಮಗುಚಿಕೊಳ್ಳಲು ಕಲಿಯುತ್ತಿದ್ದ. ಬೆಂಗಳೂರಿನ ಆಸ್ಪತ್ರೆಯಲ್ಲಿ ಜ್ವರದಿಂದ ಹೋಗಿಬಿಟ್ಟ. ಅವನನ್ನು ದೊಡ್ಡಬೆಳವಂಗಲದ ನಮ್ಮ ಹೊಲದಲ್ಲೇ ಮಣ್ಣು ಮಾಡಬೇಕೆಂದು ಮಾವ ಹೇಳಿ ಕಳಿಸಿದರು. ನನ್ನ ಗಂಡ ಅವರ ಅಣ್ಣನ ಹಳೆಯ ಕಾರು ತಂದರು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ಕೂತೆ. ಮುಖಕ್ಕೆ ಬಿಸಿಲು ಬೀಳದಿರಲೆಂದು ಸೆರಗು ಮುಚ್ಚಿದ್ದೆ.

ರಾಜಾನುಕುಂಟೆ ದಾಟಿದ ಮೇಲೆ ಸ್ಟೇರಿಂಗಿನ ಹಿಂದೆ ಪುಟ್ಟದೊಂದು ಕೆಂಪು ದೀಪ ಹತ್ತಿಕೊಂಡಿತು.

"ಏನ್ರೀ ಅದು?"

"ಎಂಜಿನ್ ನೀರು ಕುದೀತಾ ಐತೆ. ನಿಲ್ಲಿಸ್ಬೇಕು."

"ನಿಲ್ಲಿಸ್ಬೇಡಿ. ಊರು ಸೇರ್ಕೊಂಬಿಡಾಣ."

"ಆಗಲ್ಲ ಕಣೇ. ಈ ದೀಪ ಹತ್ತಿದ್ಮೇಲೂ ಓಡಿಸಿದ್ರೆ ಎಂಜಿನ್ನೇ ಕಚ್ಕೊಂಡು ನಿಂತೋಗ್ತದೆ. ಆಮೇಲೆ ಇವನ್ನ ಎತ್ಕೊಂಡು ನಡು ರಸ್ತೇಲಿ..."

ಹೊಂಗೆ ಮರದಡಿ ಕಾರು ನಿಲ್ಲಿಸಿ ಬಾನೆಟ್ ಎತ್ತಿದರು. ಹಬೆ ಬುಸುಗುಟ್ಟಿತು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಎಗರುತ್ತದಂತೆ; ತಣ್ಣಗಾಗುವವರೆಗೆ ಕಾಯಲೇಬೇಕು. ಅವರು ನೀರು ಹುಡುಕಿಕೊಂಡು ಬಾವಿಯ ಕಡೆ ಹೋದರು.

ಪಕ್ಕದ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಕಿಟಕಿಯ ಹತ್ತಿರ ಬಂದಳು.

"ಮಗ ಮಲಗೈತಾ ಅವ್ವ?"

"ಹೂಂ," ಎಂದೆ.

"ಕುಪ್ಪಸ ಎಲ್ಲಾ ನೆನೆದೋಗೈತೆ. ಎಬ್ಬಿಸಿ ಒಸಿ ಹಾಲು ಕುಡಿಸ್ಬಾರ್ದಾ?"

ಆಗಲೇ ನಾನು ನೋಡಿಕೊಂಡದ್ದು. ಎದೆಹಾಲು ಸೋರಿ ಅವನ ಹೊದಿಕೆಯೂ ಒದ್ದೆಯಾಗಿತ್ತು. ಅವಳು ಕೈ ಚಾಚಿ ಹೊದಿಕೆಯ ಹೊರಗಿದ್ದ ಅಂಗಾಲು ಮುಟ್ಟಿದಳು. ಮುಟ್ಟಿದವಳು ಕೈ ತೆಗೆಯಲೇ ಇಲ್ಲ. ಆಮೇಲೆ ಬಾಗಿಲು ತೆರೆದು ನನ್ನ ಕಾಲ ಬಳಿ ನೆಲದ ಮೇಲೆ ಕೂತಳು.

"ಅಳು ತಾಯಿ. ಇಲ್ಲಿ ಯಾರವ್ರೆ? ಅತ್ಬಿಡು."

ಆಸ್ಪತ್ರೆಯಲ್ಲಿ ಬಾರದಿದ್ದ ಅಳು ಅಲ್ಲಿ ಬಂತು. ಅವನ ಮುಖದ ಮೇಲಿನ ಸೆರಗು ತೆಗೆದು, ಕೂದಲು ನೇವರಿಸಿ, ಹೆಸರು ಹಿಡಿದು ಕರೆಯುತ್ತಾ ಅತ್ತೆ. ಗಂಡ ನೀರು ತಂದವರು ದೂರದಲ್ಲೇ ನಿಂತುಬಿಟ್ಟರು. ಎಂಜಿನ್ ಯಾವಾಗಲೋ ತಣ್ಣಗಾಗಿತ್ತು. ಅವರು ಅವಸರ ಮಾಡಲಿಲ್ಲ. ಕೊನೆಗೆ ಬಂದು, ಮುಚ್ಚಳ ತೆಗೆದು ನೀರು ತುಂಬಿ ಗಾಡಿ ಚಾಲೂ ಮಾಡಿದರು. ದೀಪ ಹತ್ತಲಿಲ್ಲ. ಆ ಹೆಂಗಸು ಎದ್ದು ನನ್ನ ಕಡೆಯ ಬಾಗಿಲು ಮುಚ್ಚಿದಳು.

"ಹೋಗಾಣ್ವಾ?" ಎಂದು ನನ್ನನ್ನೇ ಕೇಳಿದರು. ನಾನು ಹೂಂ ಅನ್ನುವವರೆಗೂ ಗೇರು ಹಾಕಲಿಲ್ಲ.

ಊರಲ್ಲಿ ಜನ ಬಾಗಿಲಲ್ಲೇ ಕಾಯುತ್ತಿದ್ದರು. ನಾನು ಕಾರಿನಿಂದ ಇಳಿಯುವ ಮೊದಲೇ ಯಾರೋ ಅವನನ್ನು ಮಡಿಲಿನಿಂದ ಎತ್ತಿಕೊಂಡರು. ಹೆಂಗಸರು ಹೊಲಕ್ಕೆ ಹೋಗುವಂತಿರಲಿಲ್ಲ. ಹಿತ್ತಿಲ ಗೋಡೆಗೆ ಒರಗಿ ನಿಂತಿದ್ದೆ. ಸಂಜೆಗೆ ಗಂಡಸರು ಕೈಕಾಲು ತೊಳೆದು ಒಳಗೆ ಬಂದರು. ಅತ್ತೆ ನನ್ನೆದೆಗೆ ಬಟ್ಟೆ ಬಿಗಿದು ಕಟ್ಟಿದರು. ಹಾಲು ಇಂಗಲು ಬಹಳ ದಿನ ಹಿಡಿಯಿತು.