ಐಸ್ ಕೋಣೆಯಲ್ಲೂ ಬೆವರು

ಅವಳ ಅಂಗೈಗಳು ಸದಾ ಒದ್ದೆ. ಬಟ್ಟೆ ಅಂಗಡಿಯಲ್ಲಿ ಅವಳು ಬಿಚ್ಚಿ ತೋರಿಸಿದ ರೇಷ್ಮೆಯ ಮೇಲೆಲ್ಲ ಬೆರಳಿನ ಕಲೆ ಮೂಡಿ, ಯಜಮಾನ ಕೈಮುಗಿದು ಮನೆಗೆ ಕಳಿಸಿದ್ದ.

ಆಗ ಅಕ್ಕನ ಗಂಡ ತಲೆ ಓಡಿಸಿದ. "ಸೆಖೆ ಇದ್ರೆ ತಾನೆ ಬೆವರು? ಕೋಲ್ಡ್ ಸ್ಟೋರೇಜ್‌ಗೆ ಸೇರ್ಕೊ. ಅಲ್ಲಿ ಹೇಗೆ ಬೆವರ್ತೀಯೋ ನಾನೂ ನೋಡ್ತೀನಿ!"

ಮನೆಮಂದಿಯೆಲ್ಲ ಹೌದೆಂದು ತಲೆದೂಗಿದರು. ಬೆವರಿಗೆ ಸೆಖೆಯೇ ಬೇಕೆಂದು ಅವರಿಗೆ ಹೇಳಿದ ಮಹಾನುಭಾವ ಯಾರೋ!

ಮೊದಲ ದಿನ, ಮೀನಿನ ಪೆಟ್ಟಿಗೆ ಜೋಡಿಸುವ ಐಸ್ ಕೋಣೆಯಲ್ಲಿ, ಕೈಗವಸಿನೊಳಗೇ ನೀರು ಜಿನುಗತೊಡಗಿತು. ಅದನ್ನು ಕಳಚಿ, ಹೊರಗೆ ಹೋಗಲು ಬಾಗಿಲಿನ ಕಬ್ಬಿಣದ ಹಿಡಿಗೆ ಕೈ ಹಾಕಿದಳು. ಕೈ ವಾಪಸ್ ಬರಲೇ ಇಲ್ಲ. ಬೆವರು ಹೆಪ್ಪುಗಟ್ಟಿ ಅಂಗೈ ಕಬ್ಬಿಣಕ್ಕೆ ಅಂಟಿಕೊಂಡಿತ್ತು! ಎಳೆದರೆ ಚರ್ಮವೇ ಕಿತ್ತು ಬರುವಂತಿತ್ತು.

ಸೂಪರ್‌ವೈಸರ್ ಹೆಂಗಸು ಕಂಡು ಓಡಿಬಂದು, ಉಗುರುಬೆಚ್ಚಗಿನ ನೀರು ಸುರಿದು ಕೈ ಬಿಡಿಸಿದಳು. "ಈ ಚಳೀಲೂ ಬೆವರಾ? ನಿನ್ನನ್ನ ಇಲ್ಲಿಗೆ ಕಳಿಸಿದ ಪುಣ್ಯಾತ್ಮ ಯಾರಮ್ಮ?" ಎಂದು ಗದರಿ, ಹೊರಗೆ ಖಾಲಿ ಪೆಟ್ಟಿಗೆ ತೊಳೆಯುವ ತೊಟ್ಟಿಯ ಕೆಲಸಕ್ಕೆ ಹಾಕಿದಳು.

ಅಲ್ಲಿ ಎಲ್ಲರೂ ಮೊಣಕೈವರೆಗೆ ನೀರಿನಲ್ಲಿ. ಒದ್ದೆ ಕೈ ಯಾರದೆಂದು ಯಾರು ಕೇಳಬೇಕು?

ಕೆಲವು ತಿಂಗಳ ಮೇಲೆ ಒಂದು ಸಂಜೆ ಭಾವ ಕೇಳಿದ: "ಈಗ ಹೇಗಿದೆ ನಿನ್ನ ಬೆವರು?"

ಉತ್ತರಕ್ಕೆ ಬಾಯಿ ತೆರೆದವಳು ಬೆಚ್ಚಿಬಿದ್ದಳು. ಬುದ್ಧಿ ಬಂದಾಗಿನಿಂದ ಅಂಗೈ ನೋಡಿಕೊಳ್ಳದೆ ಒಂದು ಗಳಿಗೆ ಕಳೆದವಳಲ್ಲ ಅವಳು.

"ಗೊತ್ತಿಲ್ಲ ಭಾವ," ಎಂದಳು. "ನೋಡ್ಕೊಳ್ಳೋದೇ ಮರೆತುಬಿಟ್ಟಿದೀನಿ."