ಪ್ರಮೀಳಾಳ ವಿಮಾನ, ಮಾದೇಶನ ಅಂಗಡಿ

ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯವರೆಗೂ ಕಂಪಲಾಪುರದಲ್ಲಿ ಯಾರನ್ನು ನಿಲ್ಲಿಸಿ ‘ರಿಮೋಟಿನ ವಿಮಾನ ಮಾಡಿದ್ದು ಯಾರು’ ಎಂದು ಕೇಳಿದರೂ ಒಂದೇ ಉತ್ತರ. “ನಮ್ ಮಾದೇಶ ಕಣ್ರೀ.” ಕೇಳಿದವರಿಗೆ ಬಸ್ ಸ್ಟ್ಯಾಂಡಿನ ಪಕ್ಕದ ಅವನ ಕ್ಯಾಸೆಟ್ ಅಂಗಡಿಯನ್ನು ಕೈ ಮಾಡಿ ತೋರಿಸುತ್ತಿದ್ದರು.

ಮಾದೇಶ ಮಾಡಿದ್ದು ಇಷ್ಟೆ. ಒಂದು ವಿಮಾನವನ್ನು ಬೀಳಿಸಿ ಚೂರು ಮಾಡಿದ. ಇನ್ನೊಂದನ್ನು ಅಂಗಡಿಯ ಸೂರಿಗೆ ನೇತುಹಾಕಿ ಸುತ್ತ ಸೀರಿಯಲ್ ಲೈಟು ಬಿಟ್ಟ. ಎರಡನ್ನೂ ಕಟ್ಟಿದವಳು ಅವನ ಅಣ್ಣ ಧರ್ಮೇಂದ್ರನ ಹೆಂಡತಿ ಪ್ರಮೀಳಾ. ಹಿತ್ತಿಲ ಕಡೆಯ ಕೋಣೆಯಲ್ಲಿ ಊರ ಹೆಂಗಸರ ರವಿಕೆ ಹೊಲಿಯುತ್ತಿದ್ದ ಪ್ರಮೀಳಾ. ಅಂಗಡಿಗೆ ಕ್ಯಾಸೆಟ್ ಕೊಳ್ಳಲು ಬಂದ ಹೆಂಗಸರು ಅವಳೇ ಹೊಲಿದ ರವಿಕೆ ತೊಟ್ಟುಕೊಂಡು, ಅವಳೇ ಕಟ್ಟಿದ ವಿಮಾನವನ್ನು ತಲೆಯೆತ್ತಿ ನೋಡಿ, “ಎಂಥಾ ಬುದ್ವಂತ ಹುಡ್ಗ” ಎಂದು ಮಾದೇಶನನ್ನು ಹೊಗಳಿ ಹೋಗುತ್ತಿದ್ದರು. ಇದನ್ನು ಕೇಳಿಯೂ ಹೊಟ್ಟೆ ಉರಿಯದಿದ್ದರೆ ಅದು ಹೊಟ್ಟೆಯೇ ಅಲ್ಲ.

ಪ್ರಮೀಳಾ ಚುಂಚನಕಟ್ಟೆಯ ಕಡೆಯವಳು. ಹತ್ತನೇ ತರಗತಿ ಮುಗಿದ ಮೇಲೆ ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಒಂದು ಟೈಲರ್ ಅಂಗಡಿಗೆ ಸೇರಿದಳು. ಅಲ್ಲಿ ಎನ್‌ಸಿಸಿ ಹುಡುಗರ ಸಮವಸ್ತ್ರ ಹೊಲಿಯುತ್ತಿದ್ದರು. ಆ ಹುಡುಗರಿಗೆ ಮಾದರಿ ವಿಮಾನ ಕಟ್ಟುವುದನ್ನು ಕಲಿಸುತ್ತಿದ್ದ ಗಂಗಾಧರಪ್ಪ ಎನ್ನುವವರು ಒಂದು ದಿನ ಬರೀ ಮರದ ಎಲುಬುಗಳ ಒಂದು ರೆಕ್ಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಬಂದರು.

“ಇದಕ್ಕೊಂದು ಬಟ್ಟೆ ತೊಡಿಸಿಕೊಡಮ್ಮ. ನಮ್ಮ ಹುಡುಗರು ಅಂಟಿಸಿದರೆ ಬರೀ ಸುಕ್ಕು,” ಎಂದರು.

ಪ್ರಮೀಳಾ ತೆಳು ರೇಷ್ಮೆಯನ್ನು ಆ ಎಲುಬುಗಳ ಮೇಲೆ ಒಂದು ಸುಕ್ಕಿಲ್ಲದೆ ಎಳೆದು ಕೂರಿಸಿದಳು. ಅದರ ಮೇಲೆ ಗಂಗಾಧರಪ್ಪ ಘಾಟು ವಾಸನೆಯ ಬಣ್ಣ ಬಳಿದರು. ಒಣಗಿದಾಗ ಬಟ್ಟೆ ತಮಟೆಯ ಚರ್ಮದಷ್ಟು ಬಿಗಿಯಾಯಿತು. ಆವತ್ತೇ ಅವಳಿಗೆ ಹುಚ್ಚು ಹಿಡಿಯಿತು. ಭಾನುವಾರಗಳಂದು ಆ ಹುಡುಗರು ವಿಮಾನ ಹಾರಿಸುವ ಮೈದಾನಕ್ಕೆ ಹೋದಳು, ನೋಡಿದಳು, ಕೇಳಿದಳು, ಕೊನೆಗೆ ತಾನೇ ಕಂದು ಕಾಗದದ ಮೇಲೆ ಒಂದು ವಿಮಾನ ಬರೆದಳು. ಹಾಗೆ ಕಟ್ಟಿದ ಮೊದಲ ವಿಮಾನ ಎತ್ತಿ ಬಿಟ್ಟೊಡನೆ ಮೂತಿ ಮೇಲೆತ್ತಿ, ಹಿಂದಕ್ಕೆ ಜೋಲಿ ಹೊಡೆದು ಹುಲ್ಲಿನ ಮೇಲೆ ಕೂತಿತು. ಗಂಗಾಧರಪ್ಪ ಬಿಚ್ಚಿ ನೋಡಿದರೆ, ರೆಕ್ಕೆಯ ಹಿಂದಿನ ಅಂಚಿನಲ್ಲೂ ಬಾಲದಲ್ಲೂ ಎರಡೆರಡು ಬೆರಳು ಬಟ್ಟೆ ಒಳಗೆ ಮಡಚಿ ಬಿಟ್ಟಿದ್ದಾಳೆ. ರವಿಕೆಗೆ ಬಿಡುವ ಹಾಗೆ. ಬಣ್ಣ ಕುಡಿದು ಆ ಮಡಿಕೆಯೆಲ್ಲ ಭಾರವಾಗಿ ಬಾಲವನ್ನು ಜಗ್ಗಿತ್ತು.

“ಇದ್ಯಾಕಮ್ಮ ಇಷ್ಟು ಬಟ್ಟೆ ಒಳಗೆ?”

“ಮುಂದೆ ಬಿಗಿಯಾದ್ರೆ ಬಿಚ್ಕೊಳ್ಳಕ್ಕೆ ಸಾರ್.”

“ವಿಮಾನ ಬಾಣಂತನ ಮುಗಿಸಿ ದಪ್ಪ ಆಗಿ ಬರಲ್ಲ ಕಣಮ್ಮ,” ಎಂದು ಗಂಗಾಧರಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪ್ರಮೀಳಾಳೂ ನಕ್ಕಳು. ಮಡಿಕೆ ಕತ್ತರಿಸಿದ ಮೇಲೆ ವಿಮಾನ ಹಾರಿತು.

ಹಾರಿಸುವುದನ್ನೂ ಅವರೇ ಕಲಿಸಿದರು. ರಿಮೋಟು ಹಿಡಿದವರು ಎಡವುವುದು ಎಲ್ಲಿ ಎಂದರೆ, ವಿಮಾನ ತಿರುಗಿ ನಮ್ಮ ಕಡೆ ಬರುವಾಗ. ಆಗ ಅದರ ಎಡ ನಮಗೆ ಬಲ, ಅದರ ಬಲ ನಮಗೆ ಎಡ. ಕಾಲೇಜು ಹುಡುಗರು ಅಲ್ಲೇ ಗಾಬರಿಯಾಗಿ ಬೀಳಿಸುತ್ತಿದ್ದರು. ಪ್ರಮೀಳಾಳಿಗೆ ಅದು ಕಷ್ಟವೇ ಆಗಲಿಲ್ಲ. ದಿನವಿಡೀ ಬಟ್ಟೆಯನ್ನು ತಿರುವು ಮುರುವಾಗಿ ಇಟ್ಟುಕೊಂಡು ಹೊಲಿಯುವವಳಿಗೆ ಎಡಬಲ ಅದಲುಬದಲಾಗುವುದು ಏನು ದೊಡ್ಡ ವಿಷಯ? ಗಂಗಾಧರಪ್ಪ ನಿವೃತ್ತರಾಗುವಾಗ ತಮ್ಮ ಹಳೆಯ ರಿಮೋಟನ್ನೂ ಹೆಬ್ಬೆರಳು ಗಾತ್ರದ ಎಂಜಿನ್ನನ್ನೂ ಅವಳಿಗೇ ಮಾರಿದರು. ಮದುವೆಯಾಗಿ ಕಂಪಲಾಪುರಕ್ಕೆ ಬರುವಾಗ ಅವಳ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಅವೆರಡೂ ಇದ್ದವು.

ಕಂಪಲಾಪುರದಲ್ಲಿ ಅತ್ತೆ ಸಿದ್ದಲಿಂಗಮ್ಮನ ದರ್ಬಾರು. ಗಂಡ ಧರ್ಮೇಂದ್ರ ಹಾಲಿನ ಡೇರಿಯಲ್ಲಿ ಕೆಲಸ, ಒಳ್ಳೆಯವನು, ಆದರೆ ಅಮ್ಮ ಮಾತಾಡಲು ಶುರು ಮಾಡಿದರೆ ಅವನಿಗೆ ತಕ್ಷಣ ದನಕ್ಕೆ ನೀರು ಕುಡಿಸುವುದು ನೆನಪಾಗುತ್ತಿತ್ತು. ವಿಮಾನ ಕಟ್ಟಬೇಡ ಎಂದು ಸಿದ್ದಲಿಂಗಮ್ಮ ಹೇಳಲಿಲ್ಲ. ಹೊಗೆಸೊಪ್ಪು ಪೋಣಿಸುವ ಬಿದಿರು ಗಳುಗಳನ್ನು ಸೊಸೆ ರೆಕ್ಕೆಯ ಎಲುಬಿಗೆಂದು ಸೀಳುವಾಗಲೂ ಸುಮ್ಮನಿದ್ದಳು. ಆದರೆ ಹಾರಿಸುವ ಮಾತು ಬಂದಾಗ ಮುಖ ಗಂಟಿಕ್ಕಿದಳು.

“ಮನೇಲಿ ಏನಾರಾ ಮಾಡ್ಕೊ. ಬಯ್ಲಲ್ಲಿ ಗಂಡಸ್ರ ಮುಂದೆ ಡಬ್ಬ ಇಡ್ಕೊಂಡು ಮ್ಯಾಲೆ ನೋಡ್ತಾ ನಿಂತ್ಕೊಂಡ್ರೆ ನೋಡ್ದೋರು ಏನಂದಾರು? ಮಾದೇಶಂಗೆ ಕೊಡು, ಅವ್ನು ಆರುಸ್ತಾನೆ.”

ಹಾಗೆ ರಿಮೋಟು ಮಾದೇಶನ ಕೈ ಸೇರಿತು. ವಿಮಾನ ಮೊದಲ ಸುತ್ತಿಗೇ ತಿರುಗಿ ತನ್ನ ಕಡೆ ಬಂದಾಗ ಅವನು ಎಡಕ್ಕೆ ಎಳೆಯಬೇಕಾದದ್ದನ್ನು ಬಲಕ್ಕೆ ಎಳೆದ. ಅವಳು ತಿಂಗಳುಗಟ್ಟಲೆ ಕೂತು ಕಟ್ಟಿದ್ದು ನೆಲಕ್ಕೆ ತಲೆ ಚಚ್ಚಿಕೊಂಡಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆಗ ಊರು ಏನೆಂದಿತು ಗೊತ್ತೆ? “ಎಂಗಸ್ರ ಕೈಲಿ ಕಟ್ಟಿದ್ದಲ್ವಾ, ಅದುಕ್ಕೇ ಬಿತ್ತು.” ಬೀಳಿಸಿದವನು ತುಟಿಪಿಟಕ್ಕೆನ್ನದೆ ನಿಂತಿದ್ದ.

ಎರಡನೆಯ ವಿಮಾನಕ್ಕೆ ಅವಳು ರೆಕ್ಕೆಯನ್ನು ಇನ್ನಷ್ಟು ಅಗಲ ಮಾಡಿದಳು, ತುದಿಗಳನ್ನು ತುಸು ಮೇಲೆತ್ತಿದಳು, ಯಾರೇ ಹಿಡಿದರೂ ಸುಲಭವಾಗಿ ಮಗುಚದಂತೆ. ಯಾರೇ ಎಂದರೆ ಮಾದೇಶ ಎಂದೇ ಅರ್ಥ. ಅವನ ಕೈಯ ದಡ್ಡತನವನ್ನೂ ಲೆಕ್ಕಕ್ಕೆ ತೆಗೆದುಕೊಂಡು ವಿಮಾನ ಬರೆಯಬೇಕಾಯಿತು ಅವಳು. ನೀರು ಬತ್ತಿದ ಕೆರೆಯಂಗಳದಲ್ಲಿ ಅವನು ಹಾರಿಸುವಾಗ ಅವನ ಬೆನ್ನ ಹಿಂದೆ ನಿಂತು, ಸೆರಗು ಬಾಯಿಗೆ ಅಡ್ಡ ಹಿಡಿದು, “ಈಗ ಎಡಕ್ಕೆ, ಸ್ವಲ್ಪ ಬುಡು, ಈಗ ಬಲಕ್ಕೆ” ಎಂದು ಪಿಸುಗುಟ್ಟುತ್ತಿದ್ದಳು. ವಿಮಾನ ಹಾರಿತು, ಇಳಿಯಿತು. ಬಾಯಿ ಅವಳದು, ಕೈ ಅವನದು. ಚಪ್ಪಾಳೆ ಕೈಗೆ ಬಿತ್ತು. ಈ ಸಲ ಯಾರೂ ‘ಹೆಂಗಸರ ಕೈಲಿ ಕಟ್ಟಿದ್ದು’ ಎನ್ನಲಿಲ್ಲ. ಬಿದ್ದರೆ ಅವಳದು, ಹಾರಿದರೆ ಅವನದು. ಇದು ಯಾವ ಊರಿನ ನ್ಯಾಯ?

ಮರುದಿನವೇ ವಿಮಾನ ಅಂಗಡಿಯ ಸೂರು ಸೇರಿತು. “ಅಂಗ್ಡೀಲಿದ್ರೆ ಯಾಪಾರ ಆಯ್ತದೆ ಅತ್ತಿಗೆ,” ಎಂದ ಮಾದೇಶ. ವ್ಯಾಪಾರವೂ ಆಯಿತು. ‘ವಿಮಾನದ ಮಾದೇಶ’ ಎಂಬ ಹೆಸರೂ ಬಂತು. ಪ್ರಮೀಳಾಳಿಗೆ ಹೆಸರು ಬೇಕಿತ್ತೋ ಇಲ್ಲವೋ, ಅವಳು ಅದನ್ನು ಯಾರ ಹತ್ತಿರವೂ ಆಡಲಿಲ್ಲ. ಆದರೆ ಒಂದು ಆಸೆಯನ್ನು ಗಂಡನ ಹತ್ತಿರ ಬಾಯಿಬಿಟ್ಟು ಹೇಳಿದ್ದಳು. “ನಾನು ಕಟ್ಟಿದ್ದನ್ನ ನಾನೇ ಒಂದ್ಸಲ ಆರುಸ್ಬೇಕು ಕಣ್ರೀ. ಒಂದೇ ಸಲ ಸಾಕು.” ಧರ್ಮೇಂದ್ರ “ನೋಡುವ” ಎಂದ, ದನಕ್ಕೆ ನೀರು ಕುಡಿಸಲು ಹೋದ.

ಎರಡು ಸಾವಿರದ ಒಂದರ ಆ ಬೇಸಿಗೆ ಪಿರಿಯಾಪಟ್ಟಣದಲ್ಲಿ ಶಿವನಂಜಪ್ಪ ಎಂಬ ರಸ್ತೆ ಗುತ್ತಿಗೆದಾರ ತನ್ನ ತಂದೆಯ ಹೆಸರಲ್ಲಿ ಕ್ರಿಕೆಟ್ ಪಂದ್ಯಾವಳಿ ಇಟ್ಟ. ಚುನಾವಣೆಗೆ ನಿಲ್ಲುವ ಉಮೇದು ಅವನಿಗೆ. ಉದ್ಘಾಟನೆಯಲ್ಲಿ ತಂದೆಯ ದೊಡ್ಡ ಫೋಟೋ ಮೇಲೆ ಆಕಾಶದಿಂದ ಹೂ ಸುರಿಯಬೇಕು, ಅದನ್ನು ಸುರಿಸುವ ರಿಮೋಟು ತನ್ನ ಕೈಯಲ್ಲಿರಬೇಕು, ವಿಡಿಯೋದಲ್ಲಿ ಅದು ಕಾಣಬೇಕು. ಮಾದೇಶನನ್ನು ಕರೆಸಿ ಹೇಳಿದ. ಮಾದೇಶ ಒಪ್ಪಿಕೊಂಡು ಬಂದು ಪ್ರಮೀಳಾಳ ಹೊಲಿಗೆ ಮಿಷಿನ್ನಿನ ಮುಂದೆ ನಿಂತ.

“ವಿಮಾನದ ವಟ್ಟೆ ಕೆಳ್ಗೆ ಒಂದು ಹೂವಿನ ಡಬ್ಬ ಕಟ್ಬೇಕು ಅತ್ತಿಗೆ. ನಾನು ಮ್ಯಾಕ್ಕೆ ಏರುಸ್ತೀನಿ, ಆಮೇಲೆ ರಿಮೋಟು ಶಿವನಂಜಪ್ಪಣ್ಣನ ಕೈಗೆ ಕೊಡ್ತೀನಿ.”

“ಅವ್ರಿಗೆ ಆರ್ಸಕ್ಕೆ ಬತ್ತದಾ?”

“ಇಲ್ಲ.”

“ಅಂಗಾದ್ರೆ ಬೀಳ್ತದೆ.”

“ಬಿದ್ರೆ ಇನ್ನೊಂದ್ ಮಾಡುದ್ರಾಯ್ತು ಬುಡಿ. ನಿಮ್ಗೇನು, ಮನೇಲೇ ಇರ್ತೀರಲ್ಲ.”

ಪ್ರಮೀಳಾ ಮಿಷಿನ್ ತುಳಿಯುವುದನ್ನು ನಿಲ್ಲಿಸಿದಳು. ಅವಳು ಕಟ್ಟಿದ್ದನ್ನು ಮುರಿಯಲೆಂದೇ ಒಬ್ಬ ಒಪ್ಪಿಕೊಂಡು ಬಂದಿದ್ದಾನೆ, ಮುರಿಯಲೆಂದೇ ಇನ್ನೊಬ್ಬ ಕಾಯುತ್ತಿದ್ದಾನೆ, ಅವಳ ಕೆಲಸ ಮತ್ತೊಂದು ಕಟ್ಟಿಕೊಡುವುದು. ಅತ್ತೆಯೂ “ಮಾತು ಕೊಟ್ಟಾಯ್ತಲ್ಲ” ಎಂದಳು. ಗಂಡ ಹಿತ್ತಿಲಿಗೆ ಹೋದ. ಪ್ರಮೀಳಾ ಸೂರಿನಿಂದ ವಿಮಾನ ಇಳಿಸಿಕೊಂಡು, ಸಿಹಿತಿಂಡಿಯ ತೆಳು ರಟ್ಟಿನಿಂದ ಡಬ್ಬ ಮಾಡಿ, ಚಕ್ರಗಳ ನಡುವೆ ಹೊಟ್ಟೆಗೆ ಕಟ್ಟಿದಳು. ರಿಮೋಟಿನ ಒಂದು ಗುಂಡಿ ಒತ್ತಿದರೆ ಡಬ್ಬದ ಬಾಗಿಲು ತೆರೆಯುವಂತೆ ಮಾಡಿದಳು. ಹೂವಿನ ಭಾರ ತಡೆಯುವಂತೆ ಅದನ್ನು ಹಿಂದೆ ಮುಂದೆ ಸರಿಸಿ, ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿ ನೋಡಿ, ಸಮ ಬರುವವರೆಗೆ ಬಿಡಲಿಲ್ಲ.

ಉದ್ಘಾಟನೆಯ ದಿನ ಮೈದಾನದ ತುಂಬ ಜನ. ಶಿವನಂಜಪ್ಪ ಬಿಳಿ ಅಂಗಿ, ಹೆಗಲ ಮೇಲೆ ಜರಿ ಶಾಲು. ವಿಡಿಯೋದವನು ಅವನ ಬೆನ್ನಿಗೇ. ಎಂಜಿನ್ ಶುರು ಮಾಡುವುದು ಯಾವತ್ತೂ ಪ್ರಮೀಳಾಳ ಕೆಲಸ. ಮೂತಿಯ ಫ್ಯಾನನ್ನು ಬೆರಳಿನಿಂದ ಚಿಮ್ಮಿ ತಿರುಗಿಸಬೇಕು, ಎಚ್ಚರ ತಪ್ಪಿದರೆ ಬೆರಳು ಸೀಳುತ್ತದೆ, ಮಾದೇಶ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಅವಳು ಸೀಮೆಎಣ್ಣೆ, ಈಥರು, ಹರಳೆಣ್ಣೆ ಬೆರೆಸಿದ ಎಣ್ಣೆಯನ್ನು ಟ್ಯಾಂಕಿನ ಕಂಠದವರೆಗೆ ತುಂಬಿದಳು. ಚಿಮ್ಮಿದಳು. ಎಂಜಿನ್ ಕೂಗಿತು.

“ಮಾದೇಶ, ಹುಲ್ಲು ಎತ್ರ ಬೆಳ್ದದೆ, ಚಕ್ರದ ಮೇಲೆ ಓಡಲ್ಲ. ತಲೆ ಮೇಲೆ ಇಡ್ಕೊಂಡು ಓಡೋಗಿ ಎಸೀಬೇಕು. ನನ್ ಕೈಲಾಗಲ್ಲ, ಗಂಡಸ್ರು ಎಸೀಬೇಕು,” ಎಂದಳು.

ಗಂಡಸರು ಎಸೆಯಬೇಕು ಎಂದಮೇಲೆ ಅಷ್ಟು ಜನರ ಮುಂದೆ ಮಾದೇಶ ಹಿಂಜರಿಯುತ್ತಾನೆಯೇ? ರಿಮೋಟನ್ನು ಅವಳ ಕೈಗೆ ತುರುಕಿ, ವಿಮಾನವನ್ನು ಎರಡೂ ಕೈಯಲ್ಲಿ ಎತ್ತಿ, ಓಡಿ ಎಸೆದ. ಚೆನ್ನಾಗಿಯೇ ಎಸೆದ, ಅಷ್ಟರ ಮಟ್ಟಿಗೆ ಅವನ ಉಪಕಾರ. ವಿಮಾನ ಒಂದು ಸಲ ತಗ್ಗಿ, ಚೇತರಿಸಿಕೊಂಡು, ತೆಂಗಿನ ಮರಗಳನ್ನು ದಾಟಿ ಮೇಲೇರಿತು. ರಿಮೋಟಿನ ಕಡ್ಡಿ ಹಿಡಿದಿದ್ದದ್ದು ಪ್ರಮೀಳಾಳ ಬೆರಳು. ಪಿಸುಗುಟ್ಟಬೇಕಾಗಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಯೆತ್ತಿ, ಕಾಲು ಅಗಲಿಸಿ ನಿಂತಿದ್ದಳು.

ಮಾದೇಶ ಏದುಸಿರು ಬಿಡುತ್ತ ಓಡಿ ಬಂದ. “ಕೊಡಿ ಅತ್ತಿಗೆ.”

“ಸುಮ್ನಿರು, ಬೀಳ್ತದೆ.”

ಶಿವನಂಜಪ್ಪನೂ ಬಂದ, ವಿಡಿಯೋದವನ ಸಮೇತ. ಕ್ಯಾಮರಾದ ಕಡೆ ನಗುತ್ತ ಅಂಗೈ ಚಾಚಿದ. “ಕೊಡವ್ವ ಇಲ್ಲಿ.”

“ಇಳೀಲಿ ಸಾರ್, ಕೊಡ್ತೀನಿ. ಗಾಳೀಲಿರೋದ್ನ ಗೊತ್ತಿಲ್ದೋರ ಕೈಗೆ ಕೊಡಕ್ಕಾಗಲ್ಲ.”

ಅವಳು ಅವನ ಕಡೆ ನೋಡಲೂ ಇಲ್ಲ. ನೋಡುವಂತಿರಲಿಲ್ಲ, ಕಣ್ಣು ತಪ್ಪಿದರೆ ವಿಮಾನ ತಪ್ಪುತ್ತದೆ. ವಿಮಾನ ಮೈದಾನದ ಆಚೆ ತಿರುಗಿ ನೇರ ಅವಳ ಕಡೆ ಬಂತು, ಎಡ ಬಲವಾಯಿತು, ಬಲ ಎಡವಾಯಿತು, ಅವಳು ಬೆರಳ ತುದಿಯಲ್ಲಿ ಅದನ್ನು ಶಾಮಿಯಾನದ ಮೇಲೆ ಹಾಯಿಸಿ ಮತ್ತೆ ಮೇಲೇರಿಸಿದಳು. ಜನ ಹೋ ಎಂದರು. ಚಾಚಿದ ಅಂಗೈಯನ್ನು ಹಿಂದಕ್ಕೆ ತೆಗೆದುಕೊಂಡರೆ ಅವಮಾನ, ಚಾಚಿಕೊಂಡೇ ಇದ್ದರೆ ಭಿಕ್ಷೆ ಬೇಡುವವನಂತೆ ಕಾಣುತ್ತದೆ. ಶಿವನಂಜಪ್ಪ ಶಾಲು ಸರಿ ಮಾಡಿಕೊಂಡು, ಪಕ್ಕದಲ್ಲೇ ನಿಂತಿದ್ದ ಧರ್ಮೇಂದ್ರನ ಕಡೆ ತಿರುಗಿದ.

“ಏನಯ್ಯ, ನಿನ್ ಎಂಡ್ತಿಗೆ ಇಳ್ಸಕ್ಕೆ ಹೇಳಯ್ಯ.”

ಆ ಮೈದಾನದಲ್ಲಿ ನೀರು ಕುಡಿಸಲು ದನಗಳಿರಲಿಲ್ಲ. ಧರ್ಮೇಂದ್ರ ಒಮ್ಮೆ ಹೆಂಡತಿಯ ಮುಖ ನೋಡಿದ, ಆಮೇಲೆ ಆಕಾಶ ನೋಡಿದ. “ಆ ಎಂಜಿನ್ನ ಕೆಳ್ಗಿಂದ ನಿಲ್ಸಕ್ಕಾಗಲ್ಲ ಅಣ್ಣ. ಎಣ್ಣೆ ಮುಗುದ್ ಮ್ಯಾಲೇ ಇಳಿಯೋದು. ಇನ್ನೂ ಅದೆ ಅನ್ಸುತ್ತೆ,” ಎಂದ. ಮದುವೆಯಾದಾಗಿನಿಂದ ಅವನು ನಾಲ್ಕು ಜನರ ಮುಂದೆ ಹೆಂಡತಿಯ ಪರವಾಗಿ ಆಡಿದ ಮೊದಲ ಮಾತು ಅದು.

ಎಣ್ಣೆ ಮುಗಿಯುವವರೆಗೂ ಪ್ರಮೀಳಾ ಹಾರಿಸಿದಳು. ಎಂಜಿನ್ ಕೆಮ್ಮಿ ನಿಂತಿತು. ಸದ್ದಿಲ್ಲದ ವಿಮಾನವನ್ನು ಅವಳು ಗಾಳಿಗೆ ಎದುರಾಗಿ ತಿರುಗಿಸಿ, ಹುಲ್ಲೇ ಇಲ್ಲದ ಆಟದ ಪಿಚ್ಚಿನ ಮೇಲೆ ಚಕ್ರ ತಾಗುವಂತೆ ಮೆಲ್ಲಗೆ ಇಳಿಸಿದಳು. ಅದು ತುಸು ದೂರ ಉರುಳಿ ನಿಂತಿತು. ಆಗ ಅವಳು ಶಿವನಂಜಪ್ಪನ ಕಡೆ ತಿರುಗಿ ಎರಡೂ ಕೈಯಲ್ಲಿ ಗೌರವದಿಂದ ರಿಮೋಟು ನೀಡಿದಳು.

“ತಗೊಳ್ಳಿ ಸಾರ್. ಈಗ ಯಾವ ಭಯಾನೂ ಇಲ್ಲ.”

ವಿಡಿಯೋ ಓಡುತ್ತಿತ್ತು. ಶಿವನಂಜಪ್ಪ ಏನು ಮಾಡಬೇಕೆಂದು ತಿಳಿಯದೆ ಗುಂಡಿ ಒತ್ತಿದ. ನಿಂತ ವಿಮಾನದ ಹೊಟ್ಟೆಯ ಡಬ್ಬ ಬಾಯಿ ಬಿಟ್ಟಿತು. ಬಿಡಿಸಿದ ಸೇವಂತಿಗೆ ಪಿಚ್ಚಿನ ಮಣ್ಣಿಗೆ ಗುಡ್ಡೆಯಾಗಿ ಸುರಿಯಿತು. ಹಗ್ಗದಾಚೆ ಬಿಸಿಲಲ್ಲಿ ಕೂತಿದ್ದ ಹೆಂಗಸರ ಗುಂಪಿನಿಂದ ಮೊದಲ ನಗು ಬಂತು. ಮೈಕಿನವನು ಮಾತ್ರ, ಬರೆದು ಕೊಟ್ಟದ್ದನ್ನು ಓದುವುದು ಅವನ ಧರ್ಮವಲ್ಲವೇ, “ಸನ್ಮಾನ್ಯ ಶಿವನಂಜಪ್ಪನವರ ಅಮೃತಹಸ್ತದಿಂದ ಪುಷ್ಪವೃಷ್ಟಿ” ಎಂದು ಕೂಗಿಯೇ ಕೂಗಿದ. ಅದನ್ನು ಕೇಳಿ ಗಂಡಸರೂ ನಕ್ಕರು.

ಪ್ರಮೀಳಾ ರೆಕ್ಕೆ ಬಿಚ್ಚಿ, ಹಳೆ ಸೀರೆಯಲ್ಲಿ ಸುತ್ತಿ, ಗಂಡನ ಜೊತೆ ಬಸ್ಸು ಹತ್ತಿದಳು. ಅಂಗಡಿಯ ಮುಂದೆ ಇಳಿದರೂ ಅಂಗಡಿಯ ಕಡೆ ತಿರುಗದೆ ಮನೆಗೆ ಹೋದಳು. ಸಿದ್ದಲಿಂಗಮ್ಮ ಜಗಲಿಯಲ್ಲೇ ಕಾದಿದ್ದು, ಅಷ್ಟು ಜನ ಗಂಡಸರ ಮುಂದೆ ಮಾನ ಹೋಯಿತೆಂದು ಊಟದ ಹೊತ್ತಿನವರೆಗೂ ಬೈದಳು. ಸೊಸೆ ಬೈಸಿಕೊಂಡೇ ವಿಮಾನದ ಮೇಲಿನ ಎಣ್ಣೆ ಒರೆಸಿ ಮಿಷಿನ್ನಿನ ಮೇಲಿನ ಗೋಡೆಗೆ ನೇತುಹಾಕಿದಳು.

ಮಾರನೆಯ ದಿನ ಮಾದೇಶ ಬಾಗಿಲಲ್ಲಿ ಬಂದು ನಿಂತ. ಮುಖ ಊದಿಕೊಂಡಿತ್ತು.

“ಅಂಗ್ಡಿಗೆ ಬಂದೋರೆಲ್ಲ ಕೇಳ್ತಾವ್ರೆ ಅತ್ತಿಗೆ, ವಿಮಾನ ಎಲ್ಲಿ ಅಂತ. ಏನಂತ ಹೇಳ್ಲಿ?”

ಪ್ರಮೀಳಾ ದಾರ ಹಲ್ಲಲ್ಲಿ ಕಡಿದು, ರವಿಕೆಯ ಇನ್ನೊಂದು ತೋಳನ್ನು ತಿರುವಿ ಸೂಜಿಯ ಕೆಳಗೆ ಇಟ್ಟಳು.

“ಆರುಸ್ದೋರ ಮನೇಲದೆ ಅಂತ ಹೇಳು.”