ಮೊದಲು ದುಡ್ಡು, ಆಮೇಲೆ ಕಾಲುಚೀಲ

ಶೆತೌ ಊರಿನಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೆ ಅದು ಶ್ಯಾವ್ ಮನೆತನದವನೊಬ್ಬನಿಗೆ ತಾಗುತ್ತದೆ; ತಪ್ಪಿದರೆ ಕಾಲುಚೀಲದ ಕಾರ್ಖಾನೆಗೆ ಬೀಳುತ್ತದೆ. ಬೀಯುನ್ ಸೊಸೆಯಾಗಿ ಬಂದದ್ದು ಎರಡೂ ಇದ್ದ ಮನೆಗೆ. ಗಂಡನ ಹೆಸರು ಶ್ಯಾವ್ ಅಖುನ್. ಮನೆಯ ಹಿಂದೆ ತಗಡಿನ ಸೂರಿನಡಿ ಅವನಪ್ಪ ಹಾಕಿಸಿ ಹೋಗಿದ್ದ ಹೆಣಿಗೆ ಯಂತ್ರಗಳು ದಿನವಿಡೀ ಕಟಕಟ ಅನ್ನುತ್ತಿದ್ದವು. ಹಾಗಾಗಿ ಆ ಮನೆಯಲ್ಲಿ ಮೆಲ್ಲಗೆ ಮಾತಾಡುವ ಅಭ್ಯಾಸವೇ ಯಾರಿಗೂ ಇರಲಿಲ್ಲ. ಅತ್ತೆಯಂತೂ ದೇವರ ಹತ್ತಿರವೂ ಕೂಗಿಯೇ ಬೇಡಿಕೊಳ್ಳುತ್ತಿದ್ದರು.

ದೊಡ್ಡ ಕಂಪನಿಗಳ ಆರ್ಡರುಗಳು ಒಂದೊಂದಾಗಿ ಅಗ್ಗದ ದೇಶಗಳ ದಾರಿ ಹಿಡಿದಾಗ, ತಮ್ಮದೇ ಹೆಸರಿನಲ್ಲಿ ಮಾರಿದರೇನು ಎಂಬ ಯೋಚನೆ ಬಂದದ್ದು ಬೀಯುನ್‌ಗೆ. ಅತ್ತೆಗೆ ಸಕ್ಕರೆ ಕಾಯಿಲೆ. ಸಂಜೆಯಾದರೆ ಕಾಲು ಊದಿ, ಕಾಲುಚೀಲದ ಬಾಯಿ ಬಿಗಿದು, ಕಣಕಾಲಿನ ಮೇಲೆ ಬಳೆ ಒತ್ತಿದ ಹಾಗೆ ಗುರುತು ಬೀಳುತ್ತಿತ್ತು. ಬೀಯುನ್ ಗಂಡನನ್ನು ಕಾಡಿ ಬೇಡಿ, ಬಾಯಿ ಸಡಿಲವಾಗಿದ್ದರೂ ಜಾರದಂಥ ಕಾಲುಚೀಲ ಹೆಣೆಸಿದಳು. ಅಖುನ್ ಮೂರು ವಾರ ಗೊಣಗಿದ. ನಾಲ್ಕನೆಯ ವಾರ ತಾನೇ ಒಂದು ಜೊತೆ ಹಾಕಿಕೊಂಡು ಓಡಾಡತೊಡಗಿದ.

ಮೊದಲ ವರ್ಷವೇ ದೊಡ್ಡ ಆನ್‌ಲೈನ್ ಅಂಗಡಿಯೊಂದರ ನವೆಂಬರ್ ರಿಯಾಯಿತಿ ಹಬ್ಬಕ್ಕೆ ಅವರು ಸೇರಿಕೊಂಡರು. ಎರಡು ಕೊಂಡರೆ ಒಂದು ಉಚಿತ, ಸಾಗಣೆ ಉಚಿತ, ಮೇಲೆ ಜಾಹೀರಾತು ಬೇರೆ. ಸರಕೆಲ್ಲ ನೋಡನೋಡುತ್ತಲೇ ಖಾಲಿ. ಅಖುನ್ ಬೀದಿಯವರಿಗೆಲ್ಲ ಬಾವಾನ್ ಕಡುಬು ತರಿಸಿ ತಿನ್ನಿಸಿದ.

ಮರುವಾರ ನೂಲಿನ ವ್ಯಾಪಾರಿ ಲ್ಯಾವ್ ಬಂದರು. ಊರಿಗೆಲ್ಲ ದೊಡ್ಡಪ್ಪ ಅವರು. ಚಹಾ ಕುಡಿದರು, ಇನ್ನೊಂದು ಲೋಟ ಕುಡಿದರು, ಏಳಲಿಲ್ಲ.

"ಮಗಳೇ, ನಿನ್ನ ಸರಕೆಲ್ಲ ಖರ್ಚಾಯ್ತಂತೆ. ಊರೇ ಹೇಳ್ತಾ ಇದೆ. ನನ್ನ ದುಡ್ಡು?"

"ಎರಡು ತಿಂಗಳಾದ್ಮೇಲೆ ಬರತ್ತೆ ದೊಡ್ಡಪ್ಪ. ಆ ಅಂಗಡಿಯವರ ನಿಯಮ ಹಾಗೆ."

"ನನಗೆ ನೂಲು ಕೊಡೋ ಗಿರಣಿಯವನಿಗೆ ಆ ನಿಯಮ ಗೊತ್ತಿಲ್ವಲ್ಲಮ್ಮ!"

ನೂಲಿಲ್ಲದೆ ಯಂತ್ರಗಳು ನಿಂತವು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ಅತ್ತೆಗೆ ತಮ್ಮ ದನಿಯೇ ಕೇಳಿಸಿ ಗಾಬರಿಯಾಯಿತು. ಕೊನೆಗೂ ಹಣ ಬಂದಾಗ ಅಂಗಡಿಯವರ ಪಾಲು, ಜಾಹೀರಾತು, ಸಾಗಣೆ, ವಾಪಸ್ಸಾದ ಮಾಲು ಎಲ್ಲ ಕಳೆದು ಉಳಿದದ್ದರಲ್ಲಿ ಲ್ಯಾವ್ ದೊಡ್ಡಪ್ಪನ ಬಾಕಿಯೂ ತೀರಲಿಲ್ಲ. ಅಖುನ್ ವ್ಯಾನು ಮಾರಿದ. "ಅಂಗಡಿ ತುಂಬ ಗಿರಾಕಿ, ಗಲ್ಲಾ ತುಂಬ ಗಾಳಿ" ಎಂದು ನಗಲು ನೋಡಿದ. ನಗು ಬರಲಿಲ್ಲ.

ಬೀಯುನ್ ಎರಡು ದಿನ ಲೆಕ್ಕದ ಪುಸ್ತಕ ತಿರುವಿ ಹಾಕಿದಳು. ಮಾರಾಟ ಹೆಚ್ಚಿದಷ್ಟೂ ಬೇಗ ಮುಳುಗುವ ವ್ಯಾಪಾರ ತಮ್ಮದು ಎಂಬುದು ಅವಳಿಗೆ ಅರ್ಥವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ.

ಆ ಹೊತ್ತಿಗೆ ತೈಚುಂಗ್ ನಗರದಿಂದ ಫೋನು ಬಂತು. ಚುನ್‌ಮೇ ಎಂಬಾಕೆ, ದೊಡ್ಡ ವಸತಿ ಕಟ್ಟಡವೊಂದರ ಮನೆಗಳವರನ್ನೆಲ್ಲ ಫೋನಿನ ಗುಂಪಿನಲ್ಲಿ ಸೇರಿಸಿಕೊಂಡು, ಸೀಗಡಿಯಿಂದ ಸೋಪಿನವರೆಗೆ ಎಲ್ಲವನ್ನೂ ಒಟ್ಟಾಗಿ ತರಿಸುವ ಗಟ್ಟಿಗಿತ್ತಿ.

"ರಿಯಾಯಿತೀಲಿ ತರಿಸಿದ ನಿನ್ನ ಕಾಲುಚೀಲ ಹಾಕಿದ್ರೂ ನಮ್ಮಮ್ಮನ ಕಾಲಿಗೆ ಗುರುತು ಬೀಳ್ಲಿಲ್ಲ ಕಣೇ. ಈಗ ಇಡೀ ಕಟ್ಟಡಕ್ಕೆ ಬೇಕಂತೆ. ಯಾವಾಗ ಕಳಿಸ್ತೀಯ?"

"ದುಡ್ಡು ಮೊದಲು ಕಳಿಸಿದ್ರೆ ಹೆಣೆದು ಕಳಿಸ್ತೀನಿ ಅಕ್ಕ."

"ಸರಕು ತೋರಿಸ್ದೇನೇ ದುಡ್ಡಾ? ನೀನೇನು ಭೂಮಿದೇವರೇನೇ, ನಿನಗೆ ಹರಕೆ ಕಟ್ಟಿಕೊಳ್ಳೋಕೆ?"

"ಸರಕು ಇದ್ದಿದ್ರೆ ತೋರಿಸ್ತಿದ್ದೆ. ನೂಲಿಗೇ ಗತಿಯಿಲ್ಲ ಅಕ್ಕ." ಹೇಳಬಾರದೆಂದುಕೊಂಡಿದ್ದು ಬಾಯಿಂದ ಜಾರಿಬಿಟ್ಟಿತ್ತು.

ಆ ಕಡೆ ಚುನ್‌ಮೇ ಕೆಮ್ಮು ಬರುವಷ್ಟು ನಕ್ಕಳು. "ಇಷ್ಟು ವರ್ಷದಲ್ಲಿ ನಿಜ ಹೇಳಿದ ವ್ಯಾಪಾರದೋಳು ನೀನೊಬ್ಳೇ. ಸರಿ, ಕಾಯೋದಕ್ಕೆ ನಮಗೇನು ಸಿಗತ್ತೆ ಹೇಳು."

ಆನ್‌ಲೈನ್ ಅಂಗಡಿಗೆ ಹೋಗುತ್ತಿದ್ದ ಪಾಲನ್ನು ಬೆಲೆಯಲ್ಲಿ ಇಳಿಸುತ್ತೇನೆಂದಳು ಬೀಯುನ್. ಬಣ್ಣ ಮೂರೇ: ಕಪ್ಪು, ಬೂದು, ಕಂದು. ಆರ್ಡರು ಬಂದಷ್ಟಕ್ಕೇ ನೂಲು. ದುಡ್ಡು ಬಂದ ದಿನವೇ ಲ್ಯಾವ್ ದೊಡ್ಡಪ್ಪನಿಗೆ ನಗದು. ಅವರು ನೋಟು ಎಣಿಸಿಕೊಂಡು, "ಮಗಳೇ, ಹುಷಾರಾಗಿದ್ದೀಯ ತಾನೇ?" ಎಂದು ಕೇಳಿದರು.

ಎಲ್ಲ ಸುಸೂತ್ರ ಅನ್ನುವಾಗ ಬಣ್ಣ ಹಾಕುವವನು ಎಡವಟ್ಟು ಮಾಡಿದ. ಬೂದು ನೂಲು ನೇರಳೆಯಾಗಿ ಬಂದಿತ್ತು. ಯಂತ್ರಕ್ಕೆ ಏರಿ ಕಾಲುಚೀಲವಾಗಿ ಇಳಿಯುವ ತನಕ ಅಖುನ್‌ನ ಗಮನಕ್ಕೆ ಬರಲಿಲ್ಲ. ಗಿರಾಕಿಗಳ ದುಡ್ಡು ಆಗಲೇ ನೂಲಾಗಿತ್ತು. ಬೇರೆ ನೂಲು ತರೋಣವೆಂದರೆ ಕೈ ಖಾಲಿ.

"ಬೂದು ಅಂತ್ಲೇ ಕಳಿಸಿಬಿಡು," ಎಂದ ಅಖುನ್. "ವಯಸ್ಸಾದೋರು ತಾನೇ, ಕಣ್ಣೆಲ್ಲಿ ಕಾಣತ್ತೆ?"

ಬೀಯುನ್ ಒಪ್ಪಲಿಲ್ಲ. ಗಿರಾಕಿಗಳಿಗೆ ನಡೆದದ್ದನ್ನು ಹೇಳಿ ಕ್ಷಮೆ ಕೇಳೋಣವೆಂದು ಫೋನನ್ನು ಒರಗಿಸಿಟ್ಟು ವಿಡಿಯೊ ಶುರು ಮಾಡಿದ್ದಳಷ್ಟೆ, ಅತ್ತೆ ಒಳಗಿನಿಂದ ನುಗ್ಗಿ ಬಂದರು.

"ಯಾರಿಗೋ ಕಣ್ಣು ಕಾಣಲ್ಲ? ನಿನ್ನ ಬೋಳುತಲೆ ಅಡುಗೆಮನೆ ತನಕ ಹೊಳೀತಾ ಇದೆ!" ಮಗನನ್ನು ಆಚೆ ತಳ್ಳಿ, ನೇರಳೆ ಜೊತೆಯೊಂದನ್ನು ಹಾಕಿಕೊಂಡು, ಕುರ್ಚಿಯಲ್ಲಿ ಕುಳಿತು ಎರಡೂ ಕಾಲನ್ನು ಫೋನಿನತ್ತ ಎತ್ತಿದರು. "ನೋಡ್ರಮ್ಮ, ಬಣ್ಣ ಕೆಟ್ಟು ಕೂತಿದೆ, ಬದನೆಕಾಯಿ ಹಾಗೆ. ಕಾಲಿಗೇನೋ ಸುಖವಾಗಿದೆ. ಬೇಕಾದೋರು ಇಟ್ಕೊಳ್ಳಿ. ಬೇಡದೋರಿಗೆ ನನ್ನ ಸೊಸೆ ದುಡ್ಡು ವಾಪಸ್ ಕೊಡ್ತಾಳೆ."

ವಾಪಸ್ ಕೊಡಲು ದುಡ್ಡೆಲ್ಲಿದೆ ಎಂಬುದು ಬೀಯುನ್‌ಗೆ ತೋಚಲಿಲ್ಲ. ಆದರೂ ಬೆರಳು ಒತ್ತಿ, ವಿಡಿಯೊ ಕಳಿಸಿಯೇಬಿಟ್ಟಳು. ಕಳಿಸಿದವಳೇ ಫೋನನ್ನು ಅಕ್ಕಿಡಬ್ಬದ ಮೇಲೆ ಮಗುಚಿ ಹಾಕಿ, ಬಟ್ಟೆ ಒಣಹಾಕಲು ಹೋದಳು.

ಸ್ವಲ್ಪ ಹೊತ್ತಿಗೆ ಚುನ್‌ಮೇ ಕರೆ ಮಾಡಿದಳು. "ನಿನ್ನತ್ತೆ ಎಲ್ಲಿದ್ರೇ ಇಷ್ಟು ದಿನ? ನಮ್ಮ ಗುಂಪಲ್ಲಿ ಎಲ್ಲ ಹೊಟ್ಟೆ ಹಿಡ್ಕೊಂಡು ನಗ್ತಾ ಇದಾರೆ! ಕೆಲವರಿಗೆ ದುಡ್ಡು ವಾಪಸ್ ಬೇಕಂತೆ, ಇವತ್ತೇ ಕೊಟ್ಬಿಡು, ತಡ ಮಾಡ್ಬೇಡ. ಮಿಕ್ಕೋರೆಲ್ಲ ಬದನೆಕಾಯಿಯೇ ಇರ್ಲಿ ಅಂತಿದಾರೆ."

ಮನೆಖರ್ಚಿನ ದುಡ್ಡು ತೆಗೆದು ಬೀಯುನ್ ಅವತ್ತೇ ಹಿಂತಿರುಗಿಸಿದಳು. ಹಾಗೆ ಹಿಂತಿರುಗಿಸಿಕೊಂಡವರಲ್ಲೇ ಇಬ್ಬರು ಆಮೇಲೆ ಕಪ್ಪು ಬಣ್ಣದ್ದಕ್ಕೆ ಮುಂಗಡ ಕಳಿಸಿದರು. ವಿಡಿಯೊ ಕೌಶ್ಯುಂಗ್, ಶಿಂಚು ನಗರಗಳನ್ನೆಲ್ಲ ಸುತ್ತಿತು. ಗೊತ್ತಿಲ್ಲದ ಗುಂಪುಗಳಿಂದ ಬದನೆಕಾಯಿ ಬಣ್ಣಕ್ಕೇ ಬೇಡಿಕೆ ಬಂತು. ಆ ಬಣ್ಣ ಮತ್ತೆ ಬರಿಸಲು ಬಣ್ಣದವನು ಒದ್ದಾಡಿದ್ದೇ ಒಂದು ಕಥೆ.

ಇನ್ನು ಜಾಹೀರಾತೆಂದರೆ ಅತ್ತೆಯೇ. ಆದರೆ ಅವರು ಪುಕ್ಕಟೆ ಕಾಲೆತ್ತುವವರಲ್ಲ.

"ನನ್ನ ಕಾಲಿಗೆ ಬಾಡಿಗೆ ಕೊಡು. ಕಡಲೆಕಾಯಿ ಮಿಠಾಯಿ."

"ಸಕ್ಕರೆ ಕಾಯಿಲೆ ಇಟ್ಕೊಂಡು ಮಿಠಾಯಿ ಕೇಳ್ತೀರಲ್ಲ ಅತ್ತೆ!"

"ಹಾಗಾದ್ರೆ ತಿಂಗಳಿಗೊಂದು ಸಲ ಕೂದಲು ಗುಂಗುರು ಮಾಡಿಸು."

ಆ ಲೆಕ್ಕಕ್ಕೆ ರಾಜಿಯಾಯಿತು. ಗುಂಗುರು ಕೂದಲಿನಲ್ಲಿ ಅವರು ಕಂಡ ದಿನ ಆರ್ಡರು ಇನ್ನಷ್ಟು.

ಶರತ್ಕಾಲ ಬಂದಾಗ ರಿಯಾಯಿತಿ ಹಬ್ಬದವರು ಮತ್ತೆ ಕರೆದರು. ಈ ಸಲ ಮುಖಪುಟದಲ್ಲೇ ಜಾಗ. ಅಖುನ್‌ನ ಕಣ್ಣು ಅರಳಿತು. "ಮುಖಪುಟ ಕಣೇ!"

"ಹೋಗೋಣ," ಎಂದಳು ಬೀಯುನ್. "ಆದ್ರೆ ದುಡ್ಡು ಕೊಟ್ಟಾಗಿರೋ ನೂಲಿಂದು ಮಾತ್ರ. ಅದು ಮುಗಿದ್ರೆ ಅಂಗಡಿ ಬಾಗಿಲು ಎಳ್ಕೊಳ್ಳೋದು. ಹೊಸಬರು ನಮ್ಮನ್ನ ನೋಡ್ಲಿ, ಸಾಕು."

ಹಬ್ಬದ ದಿನ ಸರಕು ಮಧ್ಯಾಹ್ನದೊಳಗೆ ಮುಗಿಯಿತು. ಇನ್ನೂ ಇದ್ದಿದ್ದರೆ ಎಂದು ಅಖುನ್ ಸಂಜೆಯವರೆಗೆ ಕೈ ಕೈ ಹಿಸುಕಿಕೊಂಡ. ಪ್ರತಿ ಪೊಟ್ಟಣದಲ್ಲೂ ಬೀಯುನ್ ಒಂದು ಚೀಟಿ ಇಟ್ಟಿದ್ದಳು: ಮುಂದಿನ ಸಲ ನೇರ ನಮಗೇ ಹೇಳಿ, ಸ್ವಲ್ಪ ಕಾಯಿರಿ, ಬೆಲೆ ಕಡಿಮೆ. ಹಾಗೆ ಹೇಳಿ ಕಾದವರು ಬಹಳ ಮಂದಿ.

ಆ ಚಳಿಗಾಲ ಪಕ್ಕದ ಓಣಿಯ ಕಾರ್ಖಾನೆ ಮುಚ್ಚಿತು. ಅದರ ಯಜಮಾನ ಶ್ಯಾವ್ ಥ್ಯೆನ್‌ಫು ಎರಡು ಯಂತ್ರ ಮಾರಲಿಟ್ಟಿದ್ದ. ಬೀಯುನ್ ಚೌಕಾಸಿ ಮಾಡಲಿಲ್ಲ; ಹಣ ಅಲ್ಲೇ ಅವನ ಕೈಗಿತ್ತಳು. ಸಂತೋಷವಾಗಬೇಕಿತ್ತು. ಆದರೆ ಖಾಲಿ ನೆಲದ ಮೇಲೆ ಉಳಿದ ಎಣ್ಣೆಯ ಕಲೆಯನ್ನು ತುಳಿಯಲಾರದೆ ಅವಳು ಸುತ್ತಿ ನಡೆದಳು.

ಥ್ಯೆನ್‌ಫು ಯಂತ್ರಗಳ ಹಿಂದೆಯೇ ನಡೆದು ಬಂದ. ತಗಡಿನ ಸೂರಿನಡಿ ಅವನ್ನು ಇಳಿಸಿದ ಮೇಲೂ ಹೋಗದೆ, ಒಂದರ ಬೆನ್ನ ಮೇಲೆ ಕೈಯಾಡಿಸುತ್ತ ನಿಂತ.

"ಈ ಎಡಗಡೇದು ಬೆಳಿಗ್ಗೆ ಸ್ವಲ್ಪ ಮುನಿಸಿಕೊಳ್ಳತ್ತೆ ಕಣಮ್ಮ. ಬಯ್ಯಬೇಡಿ."

"ನಮಗೆ ಅದರ ಮುನಿಸು ಗೊತ್ತಾಗಲ್ಲ ಅಣ್ಣ. ಬೆಳಿಗ್ಗೆ ನೀವೇ ಬಂದು ಎಬ್ಬಿಸಿ. ಸಂಬಳ ತಿಂಗಳ ಮೊದಲನೇ ದಿನವೇ ಕೊಡ್ತೀನಿ."

"ಕೆಲಸಕ್ಕೆ ಮೊದಲೇನಾ?" ಥ್ಯೆನ್‌ಫು ಅನುಮಾನದಿಂದ ಅವಳ ಮುಖ ನೋಡಿದ.

"ಬಂದು ಒಳಗೆ ಕೂತ್ಕೊಳ್ಳೋ, ಸೀಬೆಹಣ್ಣು ಹೆಚ್ಚಿದೀನಿ!" ಎಂದು ಅತ್ತೆ ಒಳಗಿನಿಂದ ಕೂಗಿದರು. ಅವನು ಚಪ್ಪಲಿ ಬಿಟ್ಟು ಒಳಗೆ ಹೋದ.